ಕಟ್ಟಿನ ಮೇಲಣ ಚೀಟಿ

ಪತ್ರವನ್ನು ಬರೆಯುವವನು ಯಾರನ್ನುದ್ದೇಶಿಸಿ ಬರೆಯುತ್ತಾನೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಒಳಗಣ ಕಾಗದ ಸ್ನೇಹಿತನಿಗೋ ಬಂಧುವಿಗೋ ವ್ಯಾಪಾರದ ಗಿರಾಕಿಗೋ ಸಲ್ಲತಕ್ಕದ್ದು. ಆದರೆ ಅದೇ ಪತ್ರದ ಲಕೋಟೆಯ ಮೇಲೆ, ಅಥವಾ ಊರಿಂದೂರಿಗೆ ಹೊರಟ ಒಂದು ಕಟ್ಟಿನ ಮೇಲೆ ಕಾಣುವ ನಾಲ್ಕು ಸಾಲುಗಳು ಯಾರಿಗಾಗಿ ಎಂದು ಕೇಳಿದರೆ, ನಮ್ಮಲ್ಲಿ ಬಹುಮಂದಿ ಯೋಚಿಸುವ ಶ್ರಮವನ್ನು ತೆಗೆದುಕೊಳ್ಳದೆ, ಅದನ್ನು ಪಡೆಯುವವರಿಗಾಗಿ ಎಂದುಬಿಡುತ್ತೇವೆ. ಪಡೆಯುವವರಿಗೆ ತಮ್ಮ ಹೆಸರೂ ಗೊತ್ತು, ತಮ್ಮ ಮನೆಯೂ ಗೊತ್ತು. ಅವರಿಗೆ ಆ ಸಾಲುಗಳಿಂದ ಆಗಬೇಕಾದ ಉಪಕಾರವೇನೂ ಇಲ್ಲ. ಅವನ್ನು ನಿಜವಾಗಿ ಓದತಕ್ಕವರು ಕಟ್ಟನ್ನು ಕೌಂಟರಿನಲ್ಲಿ ತೂಗುವವರು, ವಿಂಗಡಣೆಯ ಗೂಡುಗಳ ಮುಂದೆ ನಿಂತು ಕಣ್ಣು ಹಾಯಿಸಿದಷ್ಟರಲ್ಲಿಯೇ ದಿಕ್ಕನ್ನು ನಿರ್ಣಯಿಸುವವರು, ನಡುರಾತ್ರಿಯ ನಿಲ್ದಾಣದಲ್ಲಿ ಮಂದವಾದ ದೀಪದ ಕೆಳಗೆ ಚೀಲಗಳನ್ನು ಇಳಿಸುವವರು, ಕೊನೆಗೆ ಬಿಸಿಲಿನಲ್ಲೋ ಮಳೆಯಲ್ಲೋ ಬೀದಿಯನ್ನು ಹುಡುಕುತ್ತ ಬರುವ ಅಂಚೆಯವರು. ಇವರಾರಿಗೂ ಕಳುಹಿಸಿದವನ ಮುಖಪರಿಚಯವಿಲ್ಲ. ಅವನ ಮನಸ್ಸಿನಲ್ಲಿರುವುದನ್ನು ಊಹಿಸುವ ಬಿಡುವೂ ಇಲ್ಲ. ವಿಳಾಸಚೀಟಿಯೆಂಬುದು ಈ ಅಪರಿಚಿತರಿಗೆ ಬರೆದ ಓಲೆ. ಇದನ್ನು ಮರೆಯದಿದ್ದರೆ, ಲೇಬಲ್ಲನ್ನು ಆರಿಸುವ, ಬರೆಯುವ, ಅಂಟಿಸುವ ಕ್ರಮಗಳೆಲ್ಲ ಒಂದೊಂದಾಗಿ ತಾವೇ ಹೊಳೆಯುತ್ತವೆ.

ಸರಕಿನ ಮೇಲೆ ಗುರುತು ಹಾಕುವ ಪದ್ಧತಿ ಅಂಚೆಗಿಂತಲೂ, ಬಹುಶಃ ಕಾವ್ಯಕ್ಕಿಂತಲೂ ಪುರಾತನವಾದುದು. ಗುಜರಾತಿನ ಲೋಥಲ್ ಎಂಬಲ್ಲಿ ಸಿಂಧೂ ನಾಗರಿಕತೆಯ ಕಾಲದ ಪಟ್ಟಣವೊಂದನ್ನು 1955ರಿಂದ ಮೊದಲ್ಗೊಂಡು ಉತ್ಖನನ ಮಾಡಿಸಿದವರು ನಮ್ಮ ಕನ್ನಡಿಗರೇ ಆದ ಶಿಕಾರಿಪುರ ರಂಗನಾಥ ರಾವ್ ಅವರು. ಅಲ್ಲಿಯ ಉಗ್ರಾಣದ ಅವಶೇಷಗಳಲ್ಲಿ ಮುದ್ರೆಯೊತ್ತಿದ ಮಣ್ಣಿನ ಬಿಲ್ಲೆಗಳು ಅನೇಕವಾಗಿ ದೊರೆತುವು. ಅವುಗಳ ಒಂದು ಮಗ್ಗುಲಲ್ಲಿ ಮುದ್ರೆಯ ಅಚ್ಚೂ, ಮತ್ತೊಂದು ಮಗ್ಗುಲಲ್ಲಿ ಹಗ್ಗ, ಚಾಪೆ, ನೆಯ್ದ ಬಟ್ಟೆ ಇವುಗಳ ಗೆರೆಗಳೂ ಸ್ಪಷ್ಟವಾಗಿ ಉಳಿದುಕೊಂಡಿವೆ. ಮೂಟೆಯನ್ನು ಹಗ್ಗದಿಂದ ಬಿಗಿದು, ಗಂಟಿನ ಮೇಲೆ ಹಸಿಯ ಮಣ್ಣನ್ನು ಮೆತ್ತಿ, ಅದು ಆರುವ ಮೊದಲೇ ಮುದ್ರೆಯನ್ನೊತ್ತುತ್ತಿದ್ದರೆಂಬುದಕ್ಕೆ ಇದು ಸಾಕ್ಷಿ. ಮೂಟೆ ಇಂಥವರದು ಎಂದು ಹೇಳುವುದೂ, ದಾರಿಯಲ್ಲಿ ಅದನ್ನು ಯಾರೂ ಬಿಚ್ಚಿಲ್ಲವೆಂದು ಸಾರುವುದೂ ಒಂದೇ ಬಿಲ್ಲೆಯ ಕೆಲಸವಾಗಿತ್ತು. ನಾಲ್ಕು ಸಾವಿರ ವರ್ಷಗಳ ಅನಂತರ ಬಿಳಿಯ ಬಟ್ಟೆಯಲ್ಲಿ ಹೊಲಿದ ಪಾರ್ಸೆಲ್ಲಿನ ಹೊಲಿಗೆಯ ಮೇಲೆ ಕೆಂಪು ಅರಗನ್ನು ಕರಗಿಸಿ ಮುದ್ರೆಯೊತ್ತುತ್ತಿದ್ದ ನಮ್ಮ ಅಜ್ಜಂದಿರು ಅದೇ ಸಂಪ್ರದಾಯವನ್ನೇ ಮುಂದುವರಿಸುತ್ತಿದ್ದರು.

ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದ ಅಂಚೆಯ ವ್ಯವಸ್ಥೆ 1889ರವರೆಗೆ ಸ್ವತಂತ್ರವಾಗಿ ನಡೆದು, ಅನಂತರ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತೆಂಬುದು ನಮ್ಮ ಓದುಗರಿಗೆ ತಿಳಿದ ವಿಷಯವೇ. ಈ ನಡುವೆ ಇಂಗ್ಲೆಂಡಿನಲ್ಲಿ 1840ರಲ್ಲಿ ಅಂಟಿಸುವ ಅಂಚೆಚೀಟಿ ಬಳಕೆಗೆ ಬಂತು. ಏಷ್ಯಾಖಂಡದಲ್ಲಿ ಅಂಥ ಚೀಟಿಯನ್ನು ಮೊದಲು ತಂದವನು ಸಿಂಧ್ ಪ್ರಾಂತದ ಕಮಿಷನರನಾಗಿದ್ದ ಬಾರ್ಟ್ಲ್ ಫ್ರಿಯರ್. ಅದು 1852ರ ಸಂಗತಿ. ಆತನ ಮೊದಲ ಚೀಟಿಗಳು ಕೆಂಪು ಅರಗಿನ ತೆಳುಬಿಲ್ಲೆಗಳಾಗಿದ್ದು, ಕೈಯಿಂದ ಕೈಗೆ ಹೋಗುವಾಗ ಸೀಳಿ ಪುಡಿಯಾಗುತ್ತಿದ್ದುದರಿಂದ, ಅವನ್ನು ಬಿಟ್ಟು ಕಾಗದದ ಮೇಲೆ ಒತ್ತಿದ ಚೀಟಿಗಳನ್ನು ಹೊರಡಿಸಬೇಕಾಯಿತು. ನೋಟಕ್ಕೆ ಎಷ್ಟೇ ಅಂದವಾಗಿದ್ದರೂ ಪ್ರಯಾಣದ ಪೆಟ್ಟನ್ನು ತಾಳಲಾರದ ಚೀಟಿ ಚೀಟಿಯೇ ಅಲ್ಲವೆಂಬ ಪಾಠವನ್ನು ಆ ಅರಗಿನ ಬಿಲ್ಲೆಗಳು ಅಂದೇ ಕಲಿಸಿದುವು.

ಅಮೆರಿಕದಲ್ಲಿ ಇದೇ ಪಾಠವನ್ನು ಬೇರೊಂದು ಬಗೆಯಿಂದ ಕಲಿತವನು ಡೆನಿಸನ್ ಎಂಬ ಕಾಗದದ ವ್ಯಾಪಾರಿ. ಮೂಟೆಗಳಿಗೆ ದಾರದಿಂದ ಕಟ್ಟುತ್ತಿದ್ದ ರಟ್ಟಿನ ಚೀಟಿಗಳು ದಾರದ ರಂಧ್ರದ ಬಳಿಯಲ್ಲಿಯೇ ಹರಿದು ಬೀಳುವುದನ್ನು ಕಂಡು, ಆ ರಂಧ್ರದ ಸುತ್ತ ಇಕ್ಕೆಲಗಳಲ್ಲಿಯೂ ಗಟ್ಟಿಕಾಗದದ ಬಳೆಯನ್ನು ಅಂಟಿಸುವ ಉಪಾಯಕ್ಕೆ ಅವನು 1863ರಲ್ಲಿ ಪೇಟೆಂಟು ಪಡೆದನು. ಇಂದಿಗೂ ಗೋಣಿಚೀಲ, ಬಟ್ಟೆಯ ಗಂಟು, ಸಸಿಗಳ ಕಟ್ಟು ಇವುಗಳ ಮೇಲೆ ಗೋಂದು ನಿಲ್ಲದ ಕಾರಣ, ದಾರದ ಚೀಟಿಗಿಂತ ಮೇಲಾದುದು ಇಲ್ಲ. ತಾನಾಗಿ ಅಂಟುವ ಲೇಬಲ್ಲು 1935ರಲ್ಲಿ ಲಾಸ್ ಏಂಜಲೀಸಿನ ಸ್ಟಾಂಟನ್ ಏವರಿ ಎಂಬ ತರುಣನಿಂದ ವ್ಯಾಪಾರಕ್ಕೆ ಬಂತು. ಹೊಲಿಗೆಯಂತ್ರದ ಬಿಡಿಭಾಗಗಳನ್ನೂ ಬಟ್ಟೆ ಒಗೆಯುವ ಯಂತ್ರದ ಮೋಟಾರನ್ನೂ ಜೋಡಿಸಿ ಅವನು ತನ್ನ ಮೊದಲ ಯಂತ್ರವನ್ನು ಮಾಡಿಕೊಂಡನು. ನೀರನ್ನು ಸವರದೆ, ನಾಲಗೆಯನ್ನು ತಾಕಿಸದೆ, ಹಿಂಬದಿಯ ಹಾಳೆಯಿಂದ ಸುಲಿದು ಒತ್ತಿದರೆ ಸಾಕಾಗುವ ಆ ಚೀಟಿಯೇ ಇಂದು ನಮ್ಮ ಮನೆಬಾಗಿಲಿಗೆ ಬರುವ ಪ್ರತಿಯೊಂದು ಪೆಟ್ಟಿಗೆಯ ಮೇಲೂ ಕುಳಿತಿದೆ. ಇವರಿಬ್ಬರ ಹೆಸರಿನ ಸಂಸ್ಥೆಗಳು 1990ರಲ್ಲಿ ಒಂದಾದುವು.

ಚೀಟಿಯನ್ನು ಓದುವವರ ಕಷ್ಟವನ್ನು ಬಲ್ಲವರಿಗೆ ನಮ್ಮ ದೇಶದ ರೈಲ್ವೆ ಅಂಚೆಸೇವೆಯ ನೆನಪು ಬಾರದಿರದು. 1863ರಲ್ಲಿ ಅಲಹಾಬಾದಿಗೂ ಕಾನಪುರಕ್ಕೂ ನಡುವೆ ಚಲಿಸುವ ರೈಲುಬಂಡಿಯಲ್ಲಿಯೇ ಪತ್ರಗಳನ್ನು ವಿಂಗಡಿಸುವ ಏರ್ಪಾಡು ಮೊದಲಾಯಿತು. ಆರ್‌ಎಂಎಸ್ ಎಂಬ ಮೂರು ಅಕ್ಷರಗಳಿಂದ ಮನೆಮಾತಾದ ಈ ಸೇವೆಯ ನೌಕರರು, ಓಲಾಡುವ ಡಬ್ಬಿಯಲ್ಲಿ ನಿಂತು, ಗೋಡೆಯುದ್ದಕ್ಕೂ ಸಾಲಾಗಿದ್ದ ಗೂಡುಗಳಿಗೆ ಪತ್ರಗಳನ್ನು ಒಂದೊಂದಾಗಿ ಸೇರಿಸಿ, ಮುಂದಿನ ನಿಲ್ದಾಣ ಬರುವಷ್ಟರಲ್ಲಿ ಚೀಲಕ್ಕೆ ತುಂಬಿ, ಅದರ ಕತ್ತಿಗೆ ಚೀಟಿಯನ್ನು ಕಟ್ಟಿ ಮುದ್ರೆ ಹಾಕಬೇಕಾಗಿತ್ತು. ಅಂಥವರ ಕೈಗೆ ಗೀಚುಬರೆಹದ ವಿಳಾಸವೊಂದು ಸಿಕ್ಕಿದರೆ, ಬರೆದವನ ಆಲಸ್ಯದ ದಂಡವನ್ನು ಓದುವವನ ಕಣ್ಣು ತೆರಬೇಕಾಗುತ್ತಿತ್ತು.

ಹೀಗೆ ವಿಂಗಡಿಸುವವರಿಗೆ ದೊಡ್ಡದೊಂದು ಸಹಾಯವಾಗಿ 1972ರ ಆಗಸ್ಟ್ 15ರಂದು ಪಿನ್‌ಕೋಡು ಜಾರಿಗೆ ಬಂತು. ಇದನ್ನು ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದಲ್ಲಿ ಅಧಿಕಾರಿಗಳಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರರು. ಅವರು ಸಂಸ್ಕೃತದಲ್ಲಿ ಕವಿಗಳೂ ಹೌದು. ಆರು ಅಂಕೆಗಳಲ್ಲಿ ಮೊದಲನೆಯದು ದೇಶದ ವಲಯವನ್ನೂ, ಎರಡನೆಯದು ಉಪವಲಯವನ್ನೂ, ಮೂರನೆಯದು ವಿಂಗಡಣೆಯ ಜಿಲ್ಲೆಯನ್ನೂ, ಉಳಿದ ಮೂರು ಬಟವಾಡೆ ಮಾಡುವ ಅಂಚೆಕಛೇರಿಯನ್ನೂ ಸೂಚಿಸುತ್ತವೆ. ಐದನೆಯ ವಲಯ ಕರ್ನಾಟಕ, ಆಂಧ್ರ, ತೆಲಂಗಾಣಗಳದು. ನಮ್ಮ ರಾಜ್ಯದ ಪಾಲಿಗೆ 56ರಿಂದ 59ರವರೆಗಿನ ಅಂಕೆಗಳು ಬಂದಿವೆ. ಒಂಬತ್ತನೆಯ ಅಂಕೆ ಸೇನೆಯ ಅಂಚೆಗೆ ಮೀಸಲು. 560001 ಎಂದು ಕಂಡೊಡನೆ, ಕನ್ನಡವನ್ನಾಗಲಿ ಬೆಂಗಳೂರನ್ನಾಗಲಿ ಎಂದೂ ಕಾಣದ ಗುವಾಹಟಿಯ ನೌಕರನೂ ಅದನ್ನು ಸರಿಯಾದ ಚೀಲಕ್ಕೆ ಹಾಕುತ್ತಾನೆ.

ಆ ಆರು ಅಂಕೆಗಳ ಬೆಲೆಯನ್ನು ಅರಿಯಬೇಕಾದರೆ ನಮ್ಮ ಊರುಗಳ ಹೆಸರುಗಳನ್ನು ನೋಡಬೇಕು. ಹೊಸಹಳ್ಳಿಗಳೆಷ್ಟು, ರಾಂಪುರಗಳೆಷ್ಟು ಎಂದು ಎಣಿಸಹೊರಟರೆ ಬೆರಳುಗಳು ಸಾಲವು. ದೇವನಹಳ್ಳಿ ತಾಲ್ಲೂಕಿನಲ್ಲಿ ವಿಜಯಪುರವೆಂಬ ಪಟ್ಟಣ ಬಹುಕಾಲದಿಂದ ಇದೆ. ಉತ್ತರದಲ್ಲಿ ಗೋಳಗುಮ್ಮಟದ ಬಿಜಾಪುರಕ್ಕೂ 2014ರ ನವೆಂಬರ್ 1ರಿಂದ ವಿಜಯಪುರವೆಂಬ ಹೆಸರೇ ಅಧಿಕೃತವಾಯಿತು. ಬರಿಯ 'ವಿಜಯಪುರ, ಕರ್ನಾಟಕ' ಎಂದು ಬರೆದ ಕಟ್ಟು ಯಾವ ರೈಲನ್ನೇರಬೇಕು? ಮೊದಲ ಮೂರು ಅಂಕೆಗಳು 562 ಆಗಿದ್ದರೆ ಬೆಂಗಳೂರಿನ ಆಚೆಯ ದಾರಿ, 586 ಆಗಿದ್ದರೆ ಉತ್ತರದ ದಾರಿ. ಐದುನೂರು ಕಿಲೋಮೀಟರುಗಳಷ್ಟು ದೂರವನ್ನು ಇಲ್ಲಿ ನಿರ್ಣಯಿಸುವುದು ಎರಡು ಅಂಕೆಗಳು. ಇಷ್ಟು ಮುಖ್ಯವಾದ ಸಂಖ್ಯೆಯನ್ನು ಕೊನೆಯ ಮೂಲೆಯಲ್ಲಿ ಇರುಕಿಸಿ ಬರೆಯುವುದು ಅವಿವೇಕ. ಅದಕ್ಕೊಂದು ಸಾಲನ್ನೇ ಕೊಟ್ಟು, ಉಳಿದ ಅಕ್ಷರಗಳಿಗಿಂತ ಸ್ವಲ್ಪ ದೊಡ್ಡದಾಗಿ, ಅಂಕೆಗಳ ನಡುವೆ ಗಾಳಿಯಾಡುವಂತೆ ಬರೆಯತಕ್ಕದ್ದು. 1ಕ್ಕೂ 7ಕ್ಕೂ, 5ಕ್ಕೂ 6ಕ್ಕೂ ಭ್ರಾಂತಿ ಹುಟ್ಟದಂತೆ ಬರೆಯುವುದು ಇನ್ನೂ ಅವಶ್ಯಕ.

ವಿಳಾಸದ ಸಾಲುಗಳ ಕ್ರಮಕ್ಕೂ ಒಂದು ತರ್ಕವಿದೆ. ಹೆಸರು ಮೊದಲು, ಅನಂತರ ಮನೆಯ ಸಂಖ್ಯೆ ಮತ್ತು ಕಟ್ಟಡ, ಅಡ್ಡರಸ್ತೆ ಮತ್ತು ಮುಖ್ಯರಸ್ತೆ, ಬಡಾವಣೆ, ಊರು, ತಾಲ್ಲೂಕು, ಜಿಲ್ಲೆ, ರಾಜ್ಯ, ಪಿನ್‌ಕೋಡು: ಹೀಗೆ ಸಣ್ಣದರಿಂದ ದೊಡ್ಡದಕ್ಕೆ ಏರುವ ಈ ಸೋಪಾನವನ್ನು ಅಂಚೆಯ ನೌಕರರು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ದೂರದವನಿಗೆ ಕೊನೆಯ ಸಾಲು ಸಾಕು. ಹತ್ತಿರ ಬಂದಂತೆಲ್ಲ ಮೇಲಿನ ಸಾಲಿನ ಅಗತ್ಯ ಬೀಳುತ್ತದೆ. 'ಮಾರಮ್ಮನ ಗುಡಿಯ ಎದುರು', 'ಹಳೆಯ ಅಕ್ಕಿಗಿರಣಿಯ ಹಿಂದೆ' ಎಂಬ ನಮ್ಮ ಗುರುತುಗಳನ್ನು ಹೀಯಾಳಿಸಬೇಕಾಗಿಲ್ಲ. ಮನೆಸಂಖ್ಯೆಗಳು ಕ್ರಮ ತಪ್ಪಿದ ಬೀದಿಗಳಲ್ಲಿ ಅವೇ ದಾರಿ ತೋರುತ್ತವೆ. ಆದರೆ ಗುರುತು ವಿಳಾಸಕ್ಕೆ ಪೂರಕವಾಗಿರಬೇಕೇ ಹೊರತು ವಿಳಾಸದ ಸ್ಥಾನವನ್ನೇ ಆಕ್ರಮಿಸಬಾರದು. 2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ಎಂಬ ಹತ್ತು ಅಕ್ಷರಾಂಕಗಳ ಸಂಕೇತವನ್ನು ಪ್ರಕಟಿಸಿ, ಸುಮಾರು ನಾಲ್ಕು ಮೀಟರು ಉದ್ದ, ನಾಲ್ಕು ಮೀಟರು ಅಗಲದ ಪ್ರತಿಯೊಂದು ಚೌಕಕ್ಕೂ ಅಕ್ಷಾಂಶ ರೇಖಾಂಶಗಳ ಆಧಾರದ ಮೇಲೆ ಒಂದು ಗುರುತನ್ನು ಕೊಟ್ಟಿದೆ. ಹೊಲದ ನಡುವಣ ಒಂಟಿ ಮನೆಗೂ ಇದರಿಂದ ಒಂದು ನೆಲೆ ದೊರೆಯುತ್ತದೆ. ಪಿನ್‌ಕೋಡು ಮಾತ್ರ ತನ್ನ ಸ್ಥಾನದಲ್ಲಿಯೇ ಇದೆ.

ಯಾವ ಭಾಷೆಯಲ್ಲಿ ಬರೆಯಬೇಕೆಂಬ ಪ್ರಶ್ನೆ ಕನ್ನಡಿಗರಿಗೆ ಸಹಜವಾಗಿ ಬರತಕ್ಕದ್ದು. ರಾಜ್ಯದೊಳಗೆ ಸಾಗುವ ಕಟ್ಟಿಗೆ ಕನ್ನಡದ ವಿಳಾಸ ಧಾರಾಳವಾಗಿ ಸಾಕು. ಹಳ್ಳಿಯ ಅಂಚೆಯಣ್ಣನಿಗೆ ಅದು ಹೆಚ್ಚು ಸುಲಭವೂ ಹೌದು. ಹೊರರಾಜ್ಯಕ್ಕೆ ಹೋಗುವುದಾದರೆ ಅಲ್ಲಿಯ ಲಿಪಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಊರು, ಜಿಲ್ಲೆ, ರಾಜ್ಯಗಳನ್ನು ಬರೆಯುವುದು ಮೇಲು. ವಿದೇಶಕ್ಕೆ ಹೋಗುವ ಕಟ್ಟಿನ ಮೇಲೆ ದೇಶದ ಹೆಸರನ್ನು ಕೊನೆಯ ಸಾಲಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕು. ಏಕೆಂದರೆ ನಮ್ಮ ದೇಶದಿಂದ ಅದನ್ನು ಹೊರಗೆ ಕಳುಹಿಸುವವರು ಓದುವುದು ಆ ಒಂದು ಸಾಲನ್ನೇ.

ಇನ್ನು ಚೀಟಿಯ ಕಾಗದ, ಮಸಿ ಮತ್ತು ಅಂಟಿನ ವಿಚಾರ. ಇವು ಮೂರೂ ಋತುವನ್ನು ನೋಡಿ ಆರಿಸಬೇಕಾದುವು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಆಷಾಢ ಶ್ರಾವಣಗಳ ಮಳೆ ಸುರಿಯುತ್ತಿರುವಾಗ ಮಸಿಪೆನ್ನಿನಿಂದ ಬರೆದ ವಿಳಾಸ ಒಂದೇ ಹನಿಗೆ ನೀಲಿಯ ಮಡುವಾಗಿ ಹರಡುತ್ತದೆ. ಹಿಂದಿನ ಕಾಲದ ಅಂಚೆಕಛೇರಿಗಳಲ್ಲಿ ಕಾಪಿಯಿಂಗ್ ಪೆನ್ಸಿಲಿನ ಬಳಕೆ ಇದ್ದುದಕ್ಕೆ ಇದೂ ಒಂದು ಕಾರಣ: ಅದರ ಕಡ್ಡಿಯಲ್ಲಿ ಬೆರೆತ ಬಣ್ಣ ಒದ್ದೆಯಾದೊಡನೆ ನೇರಳೆಗೆ ತಿರುಗಿ ಕಾಗದಕ್ಕೆ ಕಚ್ಚಿಕೊಳ್ಳುತ್ತಿತ್ತೇ ಹೊರತು ಅಳಿಸಿಹೋಗುತ್ತಿರಲಿಲ್ಲ. ಇಂದು ಬಾಲ್‌ಪೆನ್ನೂ ನೀರಿಗೆ ಬಿಡದ ಮಾರ್ಕರು ಪೆನ್ನೂ ಆ ಕೆಲಸವನ್ನು ಮಾಡುತ್ತವೆ. ಮನೆಯ ಮುದ್ರಣಯಂತ್ರದಲ್ಲಿಯೂ ಭೇದವುಂಟು. ಇಂಕ್‌ಜೆಟ್ಟಿನ ಅಗ್ಗದ ಬಣ್ಣಗಳು ತೇವಕ್ಕೆ ಕದಡುತ್ತವೆ. ಲೇಸರ್ ಯಂತ್ರದ ಪುಡಿ ಕಾವಿನಿಂದ ಕರಗಿ ಕಾಗದದ ಮೇಲೆ ಬೆಸೆದುಕೊಳ್ಳುವುದರಿಂದ ನೀರಿಗೆ ಜಗ್ಗುವುದಿಲ್ಲ. ಇಂಕ್‌ಜೆಟ್ಟೇ ಗತಿಯೆನ್ನುವವರು ಚೀಟಿಯನ್ನು ತೆಳುವಾದ ಪಾರದರ್ಶಕ ಕವರಿನೊಳಗಿಟ್ಟು ಅಂಟಿಸುವುದು ಕ್ಷೇಮ.

ಅಂಗಡಿಗಳಿಂದಲೂ ಕೊರಿಯರಿನವರಿಂದಲೂ ಬರುವ ಲೇಬಲ್ಲುಗಳಲ್ಲಿ ಮಸಿಯೇ ಇರುವುದಿಲ್ಲವೆಂಬುದನ್ನು ಅನೇಕರು ಗಮನಿಸಿರಲಾರರು. ಅದು ಉಷ್ಣಮುದ್ರಣದ ಕಾಗದ. ಅದರ ಮೇಲ್ಮೈಯಲ್ಲಿ ಬಣ್ಣವಿಲ್ಲದ ವರ್ಣದ್ರವ್ಯವನ್ನೂ, ಅದನ್ನು ಕಪ್ಪಾಗಿಸುವ ಮತ್ತೊಂದು ದ್ರವ್ಯವನ್ನೂ ಲೇಪಿಸಿರುತ್ತಾರೆ. ಯಂತ್ರದ ಸಣ್ಣ ಸಣ್ಣ ಬಿಸಿ ಬಿಂದುಗಳು ತಾಕಿದೆಡೆಯಲ್ಲಿ ಅವೆರಡೂ ಕರಗಿ ಕೂಡಿ ಅಕ್ಷರ ಮೂಡುತ್ತದೆ. ಪರೀಕ್ಷಿಸಬೇಕೆನ್ನುವವರು ಉಗುರಿನಿಂದ ರಭಸವಾಗಿ ಗೀರಿ ನೋಡಬಹುದು. ಉಷ್ಣಕಾಗದವಾದರೆ ಕಪ್ಪು ಗೆರೆ ಕಾಣಿಸಿಕೊಳ್ಳುತ್ತದೆ. ಅಗ್ಗವೂ ಶೀಘ್ರವೂ ಆದ ಈ ವಿಧಾನ ಕೆಲವು ದಿನಗಳ ಪ್ರಯಾಣಕ್ಕೆ ಹೇಳಿಮಾಡಿಸಿದಂತಿದೆ. ಆದರೆ ಬಿಸಿಲು, ಕಾವು, ಎಣ್ಣೆ ಮತ್ತು ಕೆಲವು ಬಗೆಯ ಪ್ಲಾಸ್ಟಿಕ್ ಟೇಪುಗಳ ಸಂಪರ್ಕ ಇದಕ್ಕೆ ಆಗದು. ಉಪ್ಪಿನಕಾಯಿಯ ಎಣ್ಣೆ ಒಸರಿದರೆ ವಿಳಾಸ ಮಾಯವಾಗುವುದು ಇದೇ ಕಾರಣದಿಂದ. ಬಹುಕಾಲ ಉಳಿಯಬೇಕಾದ ಚೀಟಿಗೆ ಬಣ್ಣದ ರಿಬ್ಬನ್ನಿನಿಂದ ಮಸಿಯನ್ನು ಕಾಗದಕ್ಕೆ ವರ್ಗಾಯಿಸುವ ಮುದ್ರಣವೇ ಯೋಗ್ಯ.

ಅಂಟಿನಲ್ಲಿ ನಮ್ಮ ಹಿರಿಯರು ಸ್ವಾವಲಂಬಿಗಳಾಗಿದ್ದರು. ಮೈದಾಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಮಗುಚುತ್ತ ಬೇಯಿಸಿ, ಹುಳು ಹಿಡಿಯದಂತೆ ಚಿಟಿಕೆ ಮೈಲುತುತ್ತವನ್ನು ಬೆರೆಸಿದ ಅಂಟು ಪುಸ್ತಕದ ಬೈಂಡಿಗೂ ಆಗುತ್ತಿತ್ತು, ಪಾರ್ಸೆಲ್ಲಿನ ಚೀಟಿಗೂ ಆಗುತ್ತಿತ್ತು. ಮೈಲುತುತ್ತ ವಿಷವಾದುದರಿಂದ ಅದನ್ನು ಮಕ್ಕಳ ಕೈಗೆಟುಕದಂತೆ ಇಡುವುದೂ, ಅಡಿಗೆಯ ಪಾತ್ರೆಗೆ ತಾಕಿಸದಿರುವುದೂ ಅಗತ್ಯ. ಈ ಅಂಟು ಕಾಗದಕ್ಕೂ ರಟ್ಟಿಗೂ ಬಟ್ಟೆಗೂ ಚೆನ್ನಾಗಿ ಹಿಡಿಯುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಮಾತ್ರ ಒಣಗಿದೊಡನೆ ಹಪ್ಪಳದಂತೆ ಎದ್ದುಬರುತ್ತದೆ. ತಾನಾಗಿ ಅಂಟುವ ಲೇಬಲ್ಲಿನ ಸ್ವಭಾವ ಬೇರೆ. ಅದಕ್ಕೆ ಬೇಕಾದುದು ನೀರಲ್ಲ, ಒತ್ತಡ. ಧೂಳನ್ನು ಒಣಬಟ್ಟೆಯಿಂದ ಒರಸಿ, ಚೀಟಿಯ ನಡುವನ್ನು ಮೊದಲು ತಾಕಿಸಿ, ಅಲ್ಲಿಂದ ಅಂಚಿನ ಕಡೆಗೆ ಅಂಗೈಯಿಂದ ಬಲವಾಗಿ ಉಜ್ಜಿದರೆ ಗಾಳಿಯ ಗುಳ್ಳೆ ಉಳಿಯದು. ಅಂಟಿಸಿದ ಕೂಡಲೆ ಅದರ ಪೂರ್ಣಬಲ ಬರುವುದಿಲ್ಲ. ಗಂಟೆಗಳು ಕಳೆದಂತೆ ಹಿಡಿತ ಬಿಗಿಯಾಗುತ್ತದೆ. ಆದುದರಿಂದ ಲೇಬಲ್ಲನ್ನು ಹಿಂದಿನ ದಿನವೇ ಅಂಟಿಸಿಡುವುದು ಜಾಣತನ.

ಆಕಾರದ ಮಾತಿಗೆ ಬಂದರೆ, ಸಾಮಾನ್ಯವಾದ ಪೆಟ್ಟಿಗೆಗೆ ಎ4 ಹಾಳೆಯ ಕಾಲುಭಾಗ, ಎಂದರೆ 105 ಮಿಲಿಮೀಟರು ಅಗಲ, 148 ಮಿಲಿಮೀಟರು ಉದ್ದದ ಚೀಟಿ ಸಾಕಷ್ಟು ದೊಡ್ಡದು; ನಾಲ್ಕು ಅಂಗುಲಕ್ಕೆ ಆರು ಅಂಗುಲದ ವ್ಯಾಪಾರಿ ಲೇಬಲ್ಲೂ ಹೆಚ್ಚುಕಡಿಮೆ ಇದೇ ಅಳತೆಯದು. ಒಂದೇ ಹಾಳೆಯಲ್ಲಿ 21, 24, 65 ಎಂದು ಕತ್ತರಿಸಿ ಮಾರುವ ಸಣ್ಣ ಲೇಬಲ್ಲುಗಳು ಲಕೋಟೆಗೆ ಮಾತ್ರ ಸರಿ. ಚೀಟಿಯ ಮೇಲಿನ ಎಡಮೂಲೆಯಲ್ಲಿ ಕಳುಹಿಸುವವರ ವಿಳಾಸ ಸಣ್ಣಕ್ಷರದಲ್ಲಿಯೂ, ನಡುವಿನಿಂದ ಬಲಕ್ಕೆ ಪಡೆಯುವವರ ವಿಳಾಸ ದೊಡ್ಡಕ್ಷರದಲ್ಲಿಯೂ ಇರಬೇಕು. ಇವೆರಡೂ ಒಂದೇ ಗಾತ್ರದಲ್ಲಿದ್ದರೆ ಕಟ್ಟು ಹೊರಟಲ್ಲಿಗೇ ಮರಳಿ ಬರುವ ಪ್ರಸಂಗವುಂಟು. ತೋಳಳತೆಯ ದೂರದಿಂದ, ಕನ್ನಡಕವಿಲ್ಲದ ಹಿರಿಯರೊಬ್ಬರು ಓದಬಲ್ಲರೋ ನೋಡಿ. ಓದಿದರೆ ಚೀಟಿ ಉತ್ತೀರ್ಣವಾಯಿತೆಂದು ತಿಳಿಯಬಹುದು. ಬಿಳಿಯ ಹಾಳೆಯ ಮೇಲೆ ಕಪ್ಪು ಅಕ್ಷರವೇ ಶ್ರೇಷ್ಠ. ಬಣ್ಣದ ಹಾಳೆ, ಹೂಬಳ್ಳಿಯ ಅಂಚು, ವಕ್ರವಾದ ಅಲಂಕಾರದ ಅಕ್ಷರ ಇವೆಲ್ಲ ಮದುವೆಯ ಕರೆಯೋಲೆಯೊಳಗೆ ಶೋಭಿಸಲಿ, ಹೊರಗೆ ಬೇಡ.

ಚೀಟಿಯನ್ನು ಕಟ್ಟಿನ ಅತ್ಯಂತ ವಿಶಾಲವಾದ ಸಮತಟ್ಟು ಮೈಯ ಮೇಲೆ ಅಂಟಿಸಬೇಕು. ಮುಚ್ಚಳದ ಸೀಳಿನ ಮೇಲಾಗಲಿ, ಅಂಚಿನ ಮಡಿಕೆಯ ಮೇಲಾಗಲಿ ಕೂಡದು. ಹಳೆಯ ಪೆಟ್ಟಿಗೆಯನ್ನು ಮತ್ತೆ ಬಳಸುವುದು ಮಿತವ್ಯಯದ ಲಕ್ಷಣವೇ ಆದರೂ, ಅದರ ಮೇಲಿರುವ ಹಿಂದಿನ ಪ್ರಯಾಣದ ಚೀಟಿಗಳನ್ನೂ ಬಾರ್‌ಕೋಡೆಂಬ ಪಟ್ಟಿಗೆರೆಗಳನ್ನೂ ಸಂಪೂರ್ಣವಾಗಿ ಕಿತ್ತು ಅಥವಾ ಮುಚ್ಚಿ ಕಳುಹಿಸದಿದ್ದರೆ, ಯಂತ್ರ ಯಾವುದನ್ನು ಓದಿತೋ ಆ ಊರಿಗೇ ಪೆಟ್ಟಿಗೆಯ ಪ್ರಯಾಣ. ಕೆಲವರು ಎಚ್ಚರಿಕೆಯ ಅತಿರೇಕದಿಂದ ಒಂದೇ ವಿಳಾಸದ ಚೀಟಿಯನ್ನು ಆರು ಮೈಗೂ ಅಂಟಿಸುತ್ತಾರೆ. ಹೊರಗೆ ಒಂದು ಸಾಕು. ಎರಡನೆಯದು ಇರಬೇಕಾದುದು ಪೆಟ್ಟಿಗೆಯ ಒಳಗೆ, ಸಾಮಾನಿನ ಮೇಲೆ. ಹೊರಗಣ ಚೀಟಿ ಹರಿದುಹೋದರೂ ತೆರೆದು ನೋಡಿದವರಿಗೆ ದಾರಿ ತಿಳಿಯುವುದು ಈ ಒಳಚೀಟಿಯಿಂದ.

ತೆರೆದು ನೋಡುವವರೆಂದರೆ ಯಾರು? ವಿಳಾಸವೂ ತಿಳಿಯದೆ, ಕಳುಹಿಸಿದವರ ಗುರುತೂ ಇಲ್ಲದೆ ನಿಂತುಹೋದ ಕಾಗದ ಕಟ್ಟುಗಳಿಗಾಗಿ ಅಂಚೆಯಲ್ಲಿ ಒಂದು ಪ್ರತ್ಯೇಕ ಶಾಖೆಯೇ ಉಂಟು. ಹಿಂದೆ ಅದನ್ನು ಸತ್ತ ಪತ್ರಗಳ ಕಛೇರಿಯೆಂಬ ಭಯಂಕರವಾದ ಹೆಸರಿನಿಂದ ಕರೆಯುತ್ತಿದ್ದರು. ಅನಂತರ ಮರಳಿದ ಪತ್ರಗಳ ಕಛೇರಿ ಎಂಬ ಸೌಮ್ಯವಾದ ಹೆಸರು ಬಂತು. ಇತರರ ಪತ್ರವನ್ನು ಬಿಚ್ಚುವುದು ಅಂಚೆಯಲ್ಲಿ ಮಹಾಪರಾಧ. ಆದರೆ 1898ರ ಅಂಚೆಕಾನೂನು ಈ ಕಛೇರಿಯ ನಿಯುಕ್ತ ಅಧಿಕಾರಿಗಳಿಗೆ ಮಾತ್ರ, ಗುಟ್ಟನ್ನು ಕಾಪಾಡುವ ಕಟ್ಟಳೆಯೊಡನೆ, ಅದನ್ನು ತೆರೆದು ವಿಳಾಸ ಹುಡುಕುವ ಅಧಿಕಾರವನ್ನು ಕೊಟ್ಟಿತು. ಹಿಂದಿರುಗಿಸಬೇಕಾದ ವಿಳಾಸವನ್ನು ಸ್ಪಷ್ಟವಾಗಿ ಬರೆದವನ ಕಟ್ಟು ಈ ದುಃಸ್ಥಿತಿಗೆ ಹೋಗುವುದೇ ಇಲ್ಲ.

ಇಂದಿನ ಚೀಟಿಯಲ್ಲಿ ಮನುಷ್ಯರ ಕಣ್ಣಿಗಾಗಿ ಬರೆದುದರ ಪಕ್ಕದಲ್ಲಿಯೇ ಯಂತ್ರದ ಕಣ್ಣಿಗಾಗಿ ಬರೆದ ಪಟ್ಟಿಗೆರೆಗಳಿರುತ್ತವೆ. ಇದರ ಮೂಲಕಲ್ಪನೆ ಅಮೆರಿಕದ ವುಡ್‌ಲ್ಯಾಂಡ್ ಮತ್ತು ಸಿಲ್ವರ್ ಎಂಬಿಬ್ಬರದು; ಮೋರ್ಸ್ ತಂತಿಸಂಕೇತದ ಚುಕ್ಕೆ ಗೆರೆಗಳನ್ನು ವುಡ್‌ಲ್ಯಾಂಡ್ ಕಡಲತೀರದ ಮರಳಿನಲ್ಲಿ ಬೆರಳಿನಿಂದ ಕೆಳಕ್ಕೆಳೆದು ನೋಡಿದಾಗ ಅದು ಹೊಳೆಯಿತಂತೆ. 1952ರಲ್ಲಿ ಪೇಟೆಂಟು ಸಿಕ್ಕಿತಾದರೂ ಅಂಗಡಿಯಲ್ಲಿ ಅಂಥ ಗೆರೆಗಳನ್ನು ಓದಿ ಸರಕನ್ನು ಮಾರಿದ ದಿನ ಬಂದುದು 1974ರ ಜೂನ್ 26ರಂದು, ಓಹಾಯೋ ಸಂಸ್ಥಾನದ ಟ್ರಾಯ್ ಪಟ್ಟಣದಲ್ಲಿ. ಜಪಾನಿನಲ್ಲಿ 1994ರಲ್ಲಿ ಹುಟ್ಟಿದ ಚೌಕಾಕಾರದ ಕ್ಯೂಆರ್ ಸಂಕೇತ ಈಗ ನಮ್ಮ ತರಕಾರಿಯ ಗಾಡಿಯ ಮೇಲೂ ಇದೆ. ಯಂತ್ರಕ್ಕೆ ಗೆರೆಗಳಷ್ಟೇ ಅವಶ್ಯಕವಾದುದು ಅವುಗಳ ಎರಡು ಕೊನೆಗಳಲ್ಲಿ ಬಿಟ್ಟ ಬಿಳಿಯ ಬಯಲು. ಅಲ್ಲಿ ಪೆನ್ನಿನಿಂದ ಏನನ್ನಾದರೂ ಗೀಚಿದರೆ ಸಂಕೇತ ಎಲ್ಲಿ ಆರಂಭವಾಯಿತೆಂಬುದೇ ಅದಕ್ಕೆ ತಿಳಿಯದು. ಗೆರೆಗಳ ಮೇಲೆ ಹೊಳೆಯುವ ಟೇಪನ್ನು ಸುಕ್ಕುಸುಕ್ಕಾಗಿ ಅಂಟಿಸುವುದೂ ತಪ್ಪು. ಬೆಳಕು ಪ್ರತಿಫಲಿಸಿ ಯಂತ್ರ ಕುರುಡಾಗುತ್ತದೆ. ನಕ್ಷೆಗಳನ್ನು ಸುರುಳಿ ಸುತ್ತಿ ಕಳುಹಿಸುವ ಉರುಟು ಕೊಳವೆಯಾದರೆ, ಪಟ್ಟಿಗೆರೆಗಳು ಕೊಳವೆಗೆ ಬಳೆ ತೊಡಿಸಿದಂತೆ ಸುತ್ತ ಬರುವ ಹಾಗೆ ಚೀಟಿಯನ್ನು ತಿರುಗಿಸಿ ಅಂಟಿಸಬೇಕು. ಆಗ ಓದುವ ಕಿರಣ ಉದ್ದಕ್ಕೆ ನೇರವಾಗಿ ಹಾಯುತ್ತದೆ.

ಸ್ಪೀಡ್‌ಪೋಸ್ಟಿನ ರಸೀತಿಯ ಮೇಲೆ ಕಾಣುವ ಹದಿಮೂರು ಅಕ್ಷರಾಂಕಗಳಲ್ಲಿ ಒಂದು ಸ್ವಾರಸ್ಯ ಅಡಗಿದೆ. ಮೊದಲಿನ ಎರಡು ಅಕ್ಷರಗಳು ಸೇವೆಯ ಬಗೆಯನ್ನೂ, ಕೊನೆಯ ಎರಡು ದೇಶವನ್ನೂ ಹೇಳುತ್ತವೆ. 'ಐಎನ್' ಎಂದರೆ ಭಾರತ. ನಡುವೆ ಎಂಟು ಅಂಕೆಗಳ ಕ್ರಮಸಂಖ್ಯೆ, ಅದರ ಬೆನ್ನಿಗೆ ಕಾವಲಿನ ಒಂಬತ್ತನೆಯ ಅಂಕೆ. ಎಂಟು ಅಂಕೆಗಳನ್ನು ಅನುಕ್ರಮವಾಗಿ 8, 6, 4, 2, 3, 5, 9, 7 ಇವುಗಳಿಂದ ಗುಣಿಸಿ ಕೂಡಿ, ಮೊತ್ತವನ್ನು 11ರಿಂದ ಭಾಗಿಸಿ, ಶೇಷವನ್ನು 11ರಿಂದ ಕಳೆದರೆ ಕಾವಲಿನ ಅಂಕೆ ಸಿಕ್ಕುತ್ತದೆ. ಉತ್ತರ 10 ಬಂದರೆ 0 ಎಂದೂ, 11 ಬಂದರೆ 5 ಎಂದೂ ಬರೆಯುತ್ತಾರೆ. ಉದಾಹರಣೆಗೆ ಕ್ರಮಸಂಖ್ಯೆ 12345678 ಎಂದಿಟ್ಟುಕೊಂಡರೆ ಮೊತ್ತ 204, ಶೇಷ 6, ಕಾವಲಿನ ಅಂಕೆ 5. ನಕಲು ಮಾಡುವವರು ಅವಸರದಲ್ಲಿ 5 ಮತ್ತು 6ನ್ನು ಅದಲುಬದಲು ಮಾಡಿದರೋ, ಲೆಕ್ಕ 7ನ್ನು ಕೇಳುತ್ತದೆ, ಅಲ್ಲಿರುವುದು 5, ಗಣಕಯಂತ್ರ ಆ ಸಂಖ್ಯೆಯನ್ನು ಒಡನೆಯೇ ನಿರಾಕರಿಸುತ್ತದೆ. ವಿಶ್ವ ಅಂಚೆ ಒಕ್ಕೂಟದ ಈ ಮಾನಕವನ್ನು ಜಗತ್ತಿನ ಅಂಚೆಗಳೆಲ್ಲ ಒಪ್ಪಿರುವುದರಿಂದ, ಧಾರವಾಡದಲ್ಲಿ ಅಂಟಿಸಿದ ಚೀಟಿಯನ್ನು ಟೋಕಿಯೋದ ಯಂತ್ರವೂ ಓದುತ್ತದೆ.

ಅಕ್ಷರವನ್ನೇ ಅರಿಯದ ಹಮಾಲಿಗೂ ತಿಳಿಯಲೆಂದು ಕೆಲವು ಚಿತ್ರಸಂಜ್ಞೆಗಳನ್ನು ಅಂತರರಾಷ್ಟ್ರೀಯ ಮಾನಕವಾಗಿ ಗೊತ್ತುಮಾಡಿದ್ದಾರೆ: ಕಾಲುಳ್ಳ ಗಾಜಿನ ಲೋಟವೆಂದರೆ ಒಡೆಯುವ ವಸ್ತು, ಕೊಡೆಯೆಂದರೆ ನೀರು ತಾಕಬಾರದು, ಮೇಲ್ಮೊಗವಾದ ಎರಡು ಬಾಣಗಳೆಂದರೆ ಆ ದಿಕ್ಕು ಮೇಲಿರಬೇಕು. ಈ ಚಿತ್ರಗಳು ಬಿನ್ನಹಗಳೇ ಹೊರತು ರಕ್ಷಾಕವಚಗಳಲ್ಲ. ಒಳಗೆ ಹುಲ್ಲನ್ನೋ ಹಳೆಯ ಕಾಗದವನ್ನೋ ತುಂಬದೆ ಹೊರಗೆ ಲೋಟದ ಚಿತ್ರವನ್ನು ಅಂಟಿಸಿದ ಮಾತ್ರಕ್ಕೆ ಪಿಂಗಾಣಿ ಉಳಿಯದು. ಲಿಥಿಯಂ ಬ್ಯಾಟರಿಯಿರುವ ಸಾಮಾನುಗಳ ವಿಷಯ ಬೇರೆ: ಅವು ಹೊತ್ತಿಕೊಳ್ಳುವ ಸ್ವಭಾವದವಾದುದರಿಂದ ವಿಮಾನದಲ್ಲಿ ಸಾಗಬೇಕಾದರೆ ನಿಯಮಾನುಸಾರವಾದ ಎಚ್ಚರಿಕೆಯ ಗುರುತು ಕಡ್ಡಾಯ, ಅದನ್ನು ಮುಚ್ಚಿಡುವುದು ವಿಮಾನದಲ್ಲಿರುವವರ ಪ್ರಾಣದೊಡನೆ ಆಟವಾಡಿದಂತೆ.

ಹೊರದೇಶದ ಮಕ್ಕಳಿಗೆ ಚಟ್ನಿಪುಡಿ, ಸಾರಿನಪುಡಿ, ಹಬ್ಬದ ಸೀರೆಗಳನ್ನು ಕಳುಹಿಸುವ ತಾಯಿತಂದೆಗಳಿಗೆ ಇನ್ನೊಂದು ಚೀಟಿಯ ಪರಿಚಯ ಅಗತ್ಯ: ಸುಂಕದ ಘೋಷಣೆ. 300 ಎಸ್‌ಡಿಆರ್ ಎಂಬ ಅಂತರರಾಷ್ಟ್ರೀಯ ಲೆಕ್ಕದ ಬೆಲೆಯವರೆಗಿನ ಸಣ್ಣ ಕಟ್ಟಿಗೆ ಸಿಎನ್22 ಎಂಬ ಚಿಕ್ಕ ನಮೂನೆಯೂ, ಅದಕ್ಕೆ ಮೀರಿದುದಕ್ಕೆ ಸಿಎನ್23 ಎಂಬ ವಿಸ್ತಾರವಾದ ನಮೂನೆಯೂ ಬೇಕು. ಅದರಲ್ಲಿ 'ಉಡುಗೊರೆ' ಎಂದಷ್ಟೇ ಬರೆದರೆ ಸಾಲದು. ವಸ್ತುವೇನು, ಎಷ್ಟು, ತೂಕವೆಷ್ಟು, ಬೆಲೆಯೆಷ್ಟು ಎಂಬುದನ್ನು ಬಿಡಿಬಿಡಿಯಾಗಿ ಕಾಣಿಸಬೇಕು. 'ಪುಡಿ' ಎಂಬ ಒಂದು ಶಬ್ದ ಸುಂಕದ ಅಧಿಕಾರಿಯ ಮನಸ್ಸಿನಲ್ಲಿ ಎಂಥೆಂಥ ಶಂಕೆಗಳನ್ನೆಬ್ಬಿಸೀತೆಂಬುದನ್ನು ಯೋಚಿಸಿದರೆ, 'ಕಡಲೆಬೇಳೆ ಮತ್ತು ಒಣಮೆಣಸಿನಕಾಯಿಯ ಮಸಾಲೆಪುಡಿ, ಅರ್ಧ ಕಿಲೋ' ಎಂದು ಬರೆಯುವುದರ ಹಿತ ತಿಳಿಯುತ್ತದೆ.

ಕೊನೆಯದಾಗಿ, ಗುರಿ ಮುಟ್ಟಿದ ಮೇಲೆ ಚೀಟಿಯ ಕೆಲಸ ಮುಗಿಯಿತೇ ಹೊರತು ಅದರ ಅಪಾಯ ಮುಗಿಯುವುದಿಲ್ಲ. ಇಂದಿನ ಲೇಬಲ್ಲಿನ ಮೇಲೆ ಹೆಸರು, ಮನೆಯ ವಿಳಾಸ, ದೂರವಾಣಿಯ ಸಂಖ್ಯೆ, ಕೆಲವೊಮ್ಮೆ ಕೊಂಡ ವಸ್ತುವಿನ ವಿವರವೂ ಇರುತ್ತದೆ. ಕಸದ ರಾಶಿಯಲ್ಲಿ ಬಿದ್ದ ಅದೊಂದು ಹಾಳೆ ವಂಚಕನಿಗೆ ಸಾಕಾದಷ್ಟು ಬಂಡವಾಳ. ಪೆಟ್ಟಿಗೆಯನ್ನು ಎಸೆಯುವ ಮೊದಲು ಚೀಟಿಯನ್ನು ಕಿತ್ತು ಚೂರು ಮಾಡುವುದನ್ನು ಮನೆಯ ಮಕ್ಕಳಿಗೂ ಕಲಿಸಬೇಕು.

ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕ ಅಂಚೆಕಛೇರಿಗಳಿವೆ. ಅವುಗಳಲ್ಲಿ ಬಹುಭಾಗ ಹಳ್ಳಿಗಳಲ್ಲಿವೆ. ಅಷ್ಟು ದೊಡ್ಡ ಯಂತ್ರದಲ್ಲಿ ನಮ್ಮ ಕೈಯಲ್ಲಿರುವುದು ಅಂಗೈಯಗಲದ ಒಂದು ಹಾಳೆ ಮಾತ್ರ. ಆ ಹಾಳೆಯೊಂದು ಸರಿಯಾಗಿದ್ದರೆ ಉಳಿದುದನ್ನು ಇತರರು ಮಾಡುತ್ತಾರೆ. ಓದುಗರು ಮುಂದಿನ ಸಲ ಒಂದು ಕಟ್ಟನ್ನು ಕಳುಹಿಸುವಾಗ ಐದು ನಿಮಿಷ ಹೆಚ್ಚಾಗಿ ವ್ಯಯಿಸಿ, ನೀರಿಗೆ ಬಿಡದ ಮಸಿಯಿಂದ ದೊಡ್ಡಕ್ಷರದಲ್ಲಿ ವಿಳಾಸ ಬರೆದು, ಪಿನ್‌ಕೋಡನ್ನು ಎರಡು ಬಾರಿ ತಾಳೆ ನೋಡಿ, ತಮ್ಮ ವಿಳಾಸವನ್ನೂ ಸೇರಿಸಿ, ಒಳಗೊಂದು ಪ್ರತಿಯನ್ನಿಡಲಿ. ಹೊರುವವರಿಗೆ ನಾವು ಸಲ್ಲಿಸಬಹುದಾದ ಗೌರವ ಇದಕ್ಕಿಂತ ಹೆಚ್ಚಿನದಿಲ್ಲ, ಇದಕ್ಕಿಂತ ಅಗ್ಗದ್ದೂ ಇಲ್ಲ.